ಚಿಕ್ಕಮಗಳೂರು ಉಪಚುನಾವಣೆ: ಪತ್ರವ್ಯವಹಾರವೆಂಬ ಆಕರ

೧೯೭೮ರ ನವೆಂಬರಿನಲ್ಲಿ ನಡೆದ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಸೋಲಿಸಿದರು. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಈ ಕ್ಷೇತ್ರದಲ್ಲಿ ಕಡೂರು ಹಾಗೂ ಅಂದು ಅಜ್ಜಂಪುರವನ್ನು ಒಳಗೊಂಡಿದ್ದ ತರೀಕೆರೆ ತಾಲ್ಲೂಕುಗಳು ಸೇರಿದ್ದವು. ಗೆಲುವಿನ ಹೊಣೆ ಹೊತ್ತವರು ಮುಖ್ಯಮಂತ್ರಿ ದೇವರಾಜ ಅರಸು. ರಾಜ್ಯ ಪಕ್ಷದ ಅಧ್ಯಕ್ಷಸ್ಥಾನವೂ ಅವರಲ್ಲೇ ಇರಬೇಕೆ ಎಂಬ ಪ್ರಶ್ನೆಯ ಮೇಲೆ ಇಬ್ಬರ ವಿರಸ ಪತ್ರಗಳಿಗೆ ಇಳಿಯಿತು. ೧೯೭೯ರ ಜೂನ್ ತಿಂಗಳಲ್ಲಿ ಅರಸು ಉಚ್ಚಾಟಿತರಾದರು.

ಮತ ಎಣಿಕೆಯ ಪಟ್ಟಿ ಅಂತರವನ್ನಷ್ಟೇ ಹೇಳುತ್ತದೆ; ಋಣ, ಶಂಕೆಗಳು ಗೋಚರಿಸುವುದು ಪತ್ರಗಳಲ್ಲಿ. ಆದರೆ ದೆಹಲಿ, ಬೆಂಗಳೂರುಗಳ ಪತ್ರಗಳಷ್ಟೇ ಸಾಲವು. ಕಡೂರು, ತರೀಕೆರೆ, ಅಜ್ಜಂಪುರಗಳ ಕಾರ್ಯಕರ್ತರಿಗೂ ರಾಜ್ಯ ಕಚೇರಿಗೂ ನಡೆದ ಪತ್ರವ್ಯವಹಾರ ಮನೆಯ ಪೆಟ್ಟಿಗೆಗಳಲ್ಲೇ ನಶಿಸಿದರೆ, ಈ ಊರುಗಳ ಚರಿತ್ರೆ ಅಲ್ಲಿನವರ ಸಾಕ್ಷ್ಯವಿಲ್ಲದೆಯೇ ಉಳಿಯುತ್ತದೆ. ಅದರ ಸಂಗ್ರಹ ಇಂದಿನ ಕರ್ತವ್ಯ.