ಸೇಲಂನಲ್ಲಿ ನಿಂತುಹೋದ ಹಾಡಿನ ಕಾರ್ಖಾನೆ

ಸೇಲಂ ಪಟ್ಟಣದಿಂದ ಏರ್ಕಾಡು ಬೆಟ್ಟಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಕಮಾನು ಇದೆ. ಅದರ ಒಳಗೆ ಈಗ ಮನೆಗಳ ಬಡಾವಣೆ. ಬೆಟ್ಟಕ್ಕೆ ಹೋಗುವ ಪ್ರವಾಸಿಗರು ಬಸ್ಸಿನ ಕಿಟಕಿಯಿಂದ ಅದನ್ನು ನೋಡಿ ಯಾವುದೋ ಹಳೆಯ ಬಂಗಲೆಯ ಹೆಬ್ಬಾಗಿಲಿರಬೇಕು ಎಂದುಕೊಳ್ಳುತ್ತಾರೆ. ಮಲಯಾಳ ಭಾಷೆಯ ಮೊದಲ ವಾಕ್ಚಿತ್ರ ಈ ಕಮಾನಿನ ಒಳಗೆ ತಯಾರಾಯಿತು. ಆ ಭಾಷೆಯ ಮೊದಲ ವರ್ಣಚಿತ್ರವನ್ನು ತೆಗೆದದ್ದೂ ಇದೇ ಸಂಸ್ಥೆ. 1935ರಲ್ಲಿ ಆರಂಭವಾಗಿ 1982ರಲ್ಲಿ ಮುಚ್ಚಿದ 'ಮಾಡರ್ನ್ ಥಿಯೇಟರ್ಸ್' ಇದು. ನೂರಕ್ಕೂ ಹೆಚ್ಚು ಚಿತ್ರಗಳನ್ನು ಕೊಟ್ಟ ಸಂಸ್ಥೆ. ಚಿತ್ರಗಳ ವಿಚಾರ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಇಲ್ಲಿ ಹೇಳಹೊರಟಿರುವುದು ಅದರ ಹಾಡುಗಳ ಗತಿ ಏನಾಯಿತು ಎಂಬುದನ್ನು.

ಸಂಸ್ಥೆಯ ಒಡೆಯರು ತಿರುಚೆಂಗೋಡಿನ ಟಿ.ಆರ್. ಸುಂದರಂ. ಆಗಿನ ಸೇಲಂ ಜಿಲ್ಲೆ ದೊಡ್ಡದು. ತಿರುಚೆಂಗೋಡು ಅದರಲ್ಲೇ ಇತ್ತು. ನಮ್ಮ ಧರ್ಮಪುರಿ, ಹೊಸೂರು, ಡೆಂಕಣಿಕೋಟೆಗಳೂ 1965ರಲ್ಲಿ ಧರ್ಮಪುರಿ ಜಿಲ್ಲೆ ಬೇರೆಯಾಗುವವರೆಗೆ ಅದರಲ್ಲೇ ಇದ್ದವು. ಸುಂದರಂ ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ ಜವಳಿ ವಿದ್ಯೆ ಕಲಿತು ಬಂದವರು. ಬಹುಶಃ ಅದಕ್ಕೇ ಇರಬೇಕು, ಸಿನಿಮಾವನ್ನೂ ಅವರು ಗಿರಣಿಯಂತೆ ನಡೆಸಿದರು. ಗಂಟೆಗೆ ಸರಿಯಾಗಿ ಕೆಲಸ, ತಿಂಗಳಿಗೆ ಸಂಬಳ. ಕಥೆ ಬರೆಯುವವರಿಂದ ಹಿಡಿದು ವಾದ್ಯ ನುಡಿಸುವವರವರೆಗೆ ಎಲ್ಲರೂ ಒಂದೇ ಆವರಣದಲ್ಲಿ. ಮದರಾಸಿನ ಹಂಗಿಲ್ಲದೆ ಜಿಲ್ಲಾ ಪಟ್ಟಣವೊಂದರಲ್ಲಿ ಸುಮಾರು ನಲವತ್ತೇಳು ವರ್ಷ ಹೀಗೆ ನಡೆದದ್ದು ಸಾಮಾನ್ಯ ಸಂಗತಿಯಲ್ಲ.

'ಬಾಲನ್' ಬಿಡುಗಡೆಯಾದದ್ದು 1938ರ ಜನವರಿಯಲ್ಲಿ. ಆಗ ಕೇರಳದಲ್ಲಿ ವಾಕ್ಚಿತ್ರ ತಯಾರಿಸುವ ಸ್ಟುಡಿಯೊ ಇರಲಿಲ್ಲ. ಆಲಪ್ಪುಳದ ಉದಯಾ ಸ್ಟುಡಿಯೊ ಬಂದದ್ದು 1947ರಲ್ಲಿ. ಹಾಗಾಗಿ ಮಲಯಾಳಿ ನಟನಟಿಯರು ರೈಲು ಹತ್ತಿ ಸೇಲಂಗೆ ಬಂದರು. ನಿರ್ದೇಶಕರು ಎಸ್. ನೊಟ್ಟಾಣಿ. ಮಾತು, ಹಾಡು ಬರೆದವರು ಮುತುಕುಳಂ ರಾಘವನ್ ಪಿಳ್ಳೆ. ನಾಯಕ ಕೆ.ಕೆ. ಅರೂರ್, ನಾಯಕಿ ಎಂ.ಕೆ. ಕಮಲಂ. ಹಾಡುಗಳು ಇಪ್ಪತ್ತಮೂರು! ಇಂದಿನವರಿಗೆ ಇದು ವಿಪರೀತ ಎನಿಸಬಹುದು. ಆದರೆ ಕಂಪನಿ ನಾಟಕ ನೋಡಿ ಬೆಳೆದ ಪ್ರೇಕ್ಷಕರಿಗೆ ಅಷ್ಟಿಲ್ಲದಿದ್ದರೆ ಕೊಟ್ಟ ದುಡ್ಡು ದಂಡವೆನಿಸುತ್ತಿತ್ತು.

ಆ ಇಪ್ಪತ್ತಮೂರು ಹಾಡುಗಳನ್ನು ಚಿತ್ರದಲ್ಲಿ ಇಂದು ಯಾರೂ ಕೇಳುವಂತಿಲ್ಲ. 'ಬಾಲನ್' ಚಿತ್ರದ ಪ್ರತಿಯೇ ಉಳಿದಿಲ್ಲ.

ಕನ್ನಡಿಗರಾದ ನಾವು ಇದನ್ನು ಓದಿ ನೆರೆಮನೆಯ ಸುದ್ದಿ ಎಂದು ಸುಮ್ಮನಿರುವಂತಿಲ್ಲ. ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಕೂಡ ನಮ್ಮ ನೆಲದಲ್ಲಿ ತಯಾರಾದದ್ದಲ್ಲ. ಎಂ.ವಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರಂಥ ರಂಗಭೂಮಿಯ ಕಲಾವಿದರು ಕೊಲ್ಲಾಪುರಕ್ಕೆ ಹೋಗಿ ಅಲ್ಲಿಯ ಸ್ಟುಡಿಯೊದಲ್ಲಿ ಅದನ್ನು ಮುಗಿಸಿಕೊಂಡು ಬಂದರು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಅದರ ಪ್ರತಿಯೂ ಇಂದು ಇಲ್ಲ. ಒಂದು ಭಾಷೆ ಮರಾಠಿ ನಾಡಿಗೆ ಹೋಗಿ ಹಾಡಿತು, ಇನ್ನೊಂದು ತಮಿಳು ನಾಡಿಗೆ ಬಂದು ಹಾಡಿತು. ಎರಡೂ ಹಾಡು ಗಾಳಿಗೆ ಹೋದವು.

ಚಿತ್ರ ಹೋದರೆ ಹಾಡೇಕೆ ಹೋಗಬೇಕು ಎಂದು ಕೇಳಬಹುದು. ಅಂದಿನ ಕ್ರಮ ತಿಳಿದರೆ ಉತ್ತರ ಸಿಗುತ್ತದೆ. ಹಿನ್ನೆಲೆ ಗಾಯನ ರೂಢಿಗೆ ಬರುವ ಮೊದಲು ನಟನಟಿಯರೇ ಕ್ಯಾಮರಾದ ಎದುರು ನಿಂತು ಹಾಡಬೇಕಿತ್ತು. ವಾದ್ಯದವರು ಮರದ ಹಿಂದೆಯೋ ಪರದೆಯ ಮರೆಯಲ್ಲೋ ಕೂತು ನುಡಿಸುತ್ತಿದ್ದರು. ಆ ದನಿ ಫಿಲ್ಮಿನ ಅಂಚಿನಲ್ಲೇ ಬೆಳಕಿನ ಗೆರೆಯಾಗಿ ಮೂಡುತ್ತಿತ್ತು. ಗ್ರಾಮಫೋನ್ ತಟ್ಟೆ ಬೇಕೆಂದರೆ ರೆಕಾರ್ಡಿನ ಕಂಪನಿಯವರು ಬೇರೆಯಾಗಿ ಹಾಡಿಸಿ, ಮೂರು ಮೂರೂವರೆ ನಿಮಿಷಕ್ಕೆ ಕತ್ತರಿಸಿ ಹೊರತರಬೇಕು. ಹಾಗೆ ತಟ್ಟೆಗೆ ಏರದ ಹಾಡಿಗೆ ಫಿಲ್ಮೇ ಗತಿ. ಆ ಫಿಲ್ಮಾದರೋ ಬೇಗ ಬೆಂಕಿ ಹಿಡಿಯುವ ನೈಟ್ರೇಟ್ ಜಾತಿಯದು. ಅದರೊಳಗಿನ ಬೆಳ್ಳಿಯ ಆಸೆಗೆ ಹಳೆಯ ಸುರುಳಿಗಳನ್ನು ತೂಕಕ್ಕೆ ಮಾರಿ ಕರಗಿಸಿದ್ದೂ ನಮ್ಮ ದೇಶದಲ್ಲಿ ನಡೆದಿದೆ.

ಇದರಲ್ಲಿ ಒಂದು ವಿಚಿತ್ರವಿದೆ. 1933ರ ಮಲಯಾಳ ಮೂಕಚಿತ್ರ 'ಮಾರ್ತಾಂಡ ವರ್ಮ' ಉಳಿದುಕೊಂಡಿತು. ಕಾದಂಬರಿಯ ಹಕ್ಕು ತಮ್ಮದೆಂದು ತಿರುವನಂತಪುರದ ಪುಸ್ತಕ ಪ್ರಕಾಶಕರು ಕೋರ್ಟಿಗೆ ಹೋದರು, ಪ್ರದರ್ಶನ ನಿಂತಿತು, ಸುರುಳಿಗಳು ಅವರಲ್ಲೇ ಬಿದ್ದಿದ್ದವು. 1974ರಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅವನ್ನು ಪಡೆದುಕೊಂಡಿತು. ವ್ಯಾಜ್ಯಕ್ಕೆ ಸಿಕ್ಕಿದ ಮೂಕಚಿತ್ರ ಬದುಕಿತು. ಊರೂರು ತಿರುಗಿ ಹಾಡಿದ ಚಿತ್ರ ಸತ್ತಿತು.

ಐವತ್ತರ ದಶಕದ ಹೊತ್ತಿಗೆ ಸೇಲಂನ ಅದೃಷ್ಟ ಬದಲಾಗಿತ್ತು. 1950ರ 'ಮಂತ್ರಿ ಕುಮಾರಿ'ಗೆ ಸಂಗೀತ ಕೊಟ್ಟವರು ಜಿ. ರಾಮನಾಥನ್. ಗಂಡ ಹೆಂಡತಿಯನ್ನು ಬೆಟ್ಟದ ತುದಿಗೆ ಕರೆದೊಯ್ಯುವಾಗ ಬರುವ ಯುಗಳಗೀತೆಯನ್ನು ತಿರುಚ್ಚಿ ಲೋಗನಾಥನ್ ಮತ್ತು ಜಿಕ್ಕಿ ಹಾಡಿದ್ದಾರೆ. ಧರ್ಮಪುರಿ ಕಡೆಯ ನಮ್ಮ ಕನ್ನಡ ಮನೆಗಳಲ್ಲೂ ಅಜ್ಜಿಯರಿಗೆ ಅದು ಬಾಯಿಪಾಠ. ಕೇಳಲು ಎಷ್ಟು ಇಂಪೋ ಸನ್ನಿವೇಶ ಅಷ್ಟೇ ಭಯಂಕರ: ಆತ ಕರೆದೊಯ್ಯುವುದು ತಳ್ಳಿ ಕೊಲ್ಲಲಿಕ್ಕೆ. 1956ರಲ್ಲಿ ತಮಿಳಿನ ಮೊದಲ ಪೂರ್ಣ ವರ್ಣಚಿತ್ರ 'ಅಲಿಬಾಬಾ' ಬಂತು. 1961ರಲ್ಲಿ ಸುಂದರಂ ಅವರೇ ನಿರ್ದೇಶಿಸಿದ ಮಲಯಾಳದ ಮೊದಲ ವರ್ಣಚಿತ್ರ 'ಕಂಡಂ ಬೆಚ್ಚ ಕೋಟ್ಟ್', ಅದಕ್ಕೆ ಪಿ. ಭಾಸ್ಕರನ್ ಬರೆದ ಗೀತೆಗಳು, ಬಾಬುರಾಜ್ ಸಂಗೀತ. ಮಾಪಿಳ್ಳೆ ಹಾಡಿನ ಧಾಟಿ ಬಲ್ಲ ಕಾಸರಗೋಡಿನ ಓದುಗರಿಗೆ ಬಾಬುರಾಜರನ್ನು ನಾನು ಪರಿಚಯಿಸಬೇಕಿಲ್ಲ. ಕನ್ನಡಕ್ಕೆ ಬಣ್ಣ ಬಂದದ್ದು 1964ರಲ್ಲಿ, 'ಅಮರಶಿಲ್ಪಿ ಜಕಣಾಚಾರಿ'ಯಿಂದ. ಅದೂ ಮದರಾಸಿನಲ್ಲಿ ಸ್ಟುಡಿಯೊ ಇದ್ದ ಬಿ.ಎಸ್. ರಂಗಾ ಅವರದು.

ಈ ಎಲ್ಲ ಹಾಡುಗಳೂ ತಟ್ಟೆಗೆ ಏರಿದವು, ರೇಡಿಯೋಕ್ಕೆ ಹೋದವು, ನಮ್ಮ ಕಾಲಕ್ಕೆ ಕ್ಯಾಸೆಟ್ಟಿಗೂ ಬಂದವು. ಅವನ್ನು ಉಳಿಸಿದವರು ಸ್ಟುಡಿಯೊದವರಲ್ಲ, ಕೊಂಡವರು.

1963ರ ಆಗಸ್ಟಿನಲ್ಲಿ ಸುಂದರಂ ತೀರಿಕೊಂಡರು. ಅದೇ ನವೆಂಬರಿನಲ್ಲಿ ರಾಮನಾಥನ್. ಮಗ ರಾಮಸುಂದರಂ ಸಂಸ್ಥೆಯನ್ನು ಮುಂದುವರಿಸಿದರು. ಪತ್ತೇದಾರಿ ಚಿತ್ರಗಳು ಹೆಚ್ಚಾದವು. ವೇದಾ ಅವರ ಸಂಗೀತದಲ್ಲಿ ಹಿಂದಿಯ ಜನಪ್ರಿಯ ಧಾಟಿಗಳೇ ತಮಿಳು ಮಾತು ತೊಟ್ಟು ಬಂದವು. ಕೇಳಲು ಸೊಗಸಾಗಿಯೇ ಇವೆ, ನಾನೂ ಗುನುಗುತ್ತೇನೆ. ಆದರೂ ಸ್ವಂತ ಬಾವಿಯಿದ್ದವರು ಪಕ್ಕದ ಮನೆಯಿಂದ ನೀರು ಹೊತ್ತಂತೆ ನನಗೆ ತೋರುತ್ತದೆ. ಅಷ್ಟರಲ್ಲಿ ನಟರು, ಗಾಯಕರು, ವಾದ್ಯದವರು ಎಲ್ಲ ಕೋಡಂಬಾಕದಲ್ಲೇ ನೆಲೆಸಿದ್ದರು. ಒಂದು ದಿನದ ಕಾಲ್‌ಶೀಟಿಗೆ ಯಾರು ರೈಲು ಹತ್ತಿ ಸೇಲಂಗೆ ಬರುತ್ತಾರೆ? ಸಂಬಳದ ಕಲಾವಿದರ ಕಾಲ ಮುಗಿದಿತ್ತು. ಮದರಾಸಿನ ಜೆಮಿನಿ ಸ್ಟುಡಿಯೊವೇ ಎಪ್ಪತ್ತರ ದಶಕದಲ್ಲಿ ಬಾಗಿಲು ಹಾಕಿತು. ಸೇಲಂ 1982ರವರೆಗೆ ತಡೆದುಕೊಂಡದ್ದೇ ಹೆಚ್ಚು.

ನಾನು ಬ್ಯಾಂಕಿನ ಗುಮಾಸ್ತ. ನಮ್ಮಲ್ಲಿ ಖಾತೆ ಮುಚ್ಚಿದ ಮೇಲೂ ಅದರ ಕಾಗದಪತ್ರಗಳನ್ನು ಇಷ್ಟು ವರ್ಷ ಕಾಪಾಡಬೇಕೆಂಬ ನಿಯಮವಿದೆ. ಹಾಡು ಕಟ್ಟಿದ ಮನೆಗೆ ಅಂಥ ನಿಯಮವನ್ನು ಯಾರೂ ಮಾಡಲಿಲ್ಲ.

ಆದರೆ ಚಿತ್ರಮಂದಿರದ ಬಾಗಿಲಲ್ಲಿ ಕೆಲವು ಕಾಸಿಗೆ ಮಾರುತ್ತಿದ್ದ ಪದ್ಯಾವಳಿ ಪುಸ್ತಕಗಳಿದ್ದವು. ತೆಳುವಾದ ಕಾಗದ, ಕಥಾಸಾರ, ಹಾಡುಗಳ ಸಾಹಿತ್ಯ. ಕೆಲವದರಲ್ಲಿ ರಾಗ ತಾಳವನ್ನೂ ಕೊಡುತ್ತಿದ್ದರು. ಇಂಥವು ನಮ್ಮ ಮನೆಗಳ ಅಟ್ಟದಲ್ಲಿ, ಪಂಚಾಂಗಗಳ ಕಟ್ಟಿನ ನಡುವೆ ಸಿಕ್ಕುವುದುಂಟು. 1950ಕ್ಕಿಂತ ಹಿಂದಿನದು, ಕನ್ನಡದ್ದಾಗಲಿ ಮಲಯಾಳದ್ದಾಗಲಿ, ಓದುಗರಲ್ಲಿ ಯಾರ ಬಳಿಯಾದರೂ ಇದ್ದರೆ ರದ್ದಿಗೆ ಹಾಕುವ ಮೊದಲು ಈ ವಾರ್ಷಿಕದ ಸಂಪಾದಕರಿಗೆ ಒಂದು ಕಾರ್ಡು ಬರೆಯಿರಿ. ರಾಗದ ಹೆಸರು ಇದ್ದರೆ ಅದನ್ನೂ ಬರೆಯಿರಿ.