ಓಟ, ಗುರಿ ಮತ್ತು ದೇವರಾಯನ ಪ್ರಶ್ನೆ

ಓಡುವವನ ಗುರಿ ತಪ್ಪುತ್ತದೆ. ನಿಂತವನು ತಾನೇ ಗುರಿಯಾಗುತ್ತಾನೆ. ಮೊಬೈಲಿನಲ್ಲಿ ಗುಂಡಿನ ಕಾಳಗದ ಆಟವಾಡುವ ಕುಸನೂರದ ಹುಡುಗರಿಗೂ ಗೊತ್ತಿರುವ ಇಕ್ಕಟ್ಟು ಇದು. ಸುಮಾರು ಆರು ಶತಮಾನಗಳ ಹಿಂದೆ ವಿಜಯನಗರದ ಅರಸನನ್ನು ಕಾಡಿದ್ದೂ ಇದಕ್ಕೆ ಹತ್ತಿರದ ಪ್ರಶ್ನೆಯೇ.

ಮೊದಲು ಆಟದ ಮಾತು. 1993ರ ‘ಡೂಮ್’, 1996ರ ‘ಕ್ವೇಕ್’ ಆಟಗಳಲ್ಲಿ ಓಟಕ್ಕೆ ದಂಡವಿರಲಿಲ್ಲ. ಓಡುತ್ತಿದ್ದಾನೆಂಬ ಕಾರಣಕ್ಕೆ ಆಟಗಾರನ ಗುಂಡು ದಾರಿ ತಪ್ಪುತ್ತಿರಲಿಲ್ಲ. ವೇಗವಾಗಿ ಸರಿಯುವ ಎದುರಾಳಿ ಮುಂದಿನ ಕ್ಷಣ ಎಲ್ಲಿರುತ್ತಾನೆಂದು ಊಹಿಸಿ ಹೊಡೆಯುವುದೇ ಅಲ್ಲಿ ಚಾತುರ್ಯ. 1999ರಲ್ಲಿ ಹುಟ್ಟಿದ ‘ಕೌಂಟರ್-ಸ್ಟ್ರೈಕ್’ ಈ ಲೆಕ್ಕವನ್ನು ತಿರುವಿಹಾಕಿತು. ಓಡುತ್ತ ಹಾರಿಸಿದರೆ ಗುಂಡು ಚೆದರುತ್ತದೆ. ಕ್ಷಣಕಾಲ ನಿಂತು ಹಾರಿಸಿದರೆ ನಾಟುತ್ತದೆ. ಭಾರದ ಬಂದೂಕು ಹಿಡಿದವನ ಓಟವೂ ನಿಧಾನ. ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕೆಂಬ ವಿವೇಕಕ್ಕೇ ಅಲ್ಲಿ ಬೆಲೆ.

ನಿಜವಾದ ರಣರಂಗದಲ್ಲಿ ಓಟ ಮತ್ತು ಗುರಿ ಎರಡನ್ನೂ ಒಟ್ಟಿಗೆ ಸಾಧಿಸಿದವನು ಕುದುರೆಯೇರಿದ ಬಿಲ್ಲುಗಾರ. ರಿಕಾಬಿನಲ್ಲಿ ಪಾದ ಊರಿ, ಜೀನಿನಿಂದ ತುಸು ಮೇಲೆದ್ದರೆ ಕುದುರೆಯ ಕುಲುಕಾಟ ಕೈಗೆ ತಟ್ಟದು. ಕೊಂಬು, ಮರ ಮತ್ತು ನರ ಸೇರಿಸಿ ಮಾಡಿದ ಗಿಡ್ಡ ಬಿಲ್ಲನ್ನು ಎಡಕ್ಕೂ ಬಲಕ್ಕೂ ಸಲೀಸಾಗಿ ತಿರುಗಿಸಬಹುದು. ಪಳಗಿದವನು ಹಿಮ್ಮೆಟ್ಟುತ್ತಲೇ ಹಿಂದಿರುಗಿ ಬಾಣ ಬಿಡಬಲ್ಲ. ಮಧ್ಯ ಏಷ್ಯಾದ ತುರ್ಕಿ ಯೋಧರ ಈ ವಿದ್ಯೆಗೆ ವರ್ಷಗಟ್ಟಲೆ ಅಭ್ಯಾಸ ಬೇಕು.

1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯಕ್ಕೆ ಮೊದಲು ಕಲಬುರಗಿ, ಆಮೇಲೆ ಬೀದರ್ ರಾಜಧಾನಿ. ರಾಯಚೂರು ದೋಆಬಿಗಾಗಿ ಅದಕ್ಕೂ ವಿಜಯನಗರಕ್ಕೂ ಮತ್ತೆ ಮತ್ತೆ ಕದನ ನಡೆಯಿತು. ಜನಬಲವಿದ್ದೂ ನಾವೇಕೆ ಸೋಲುತ್ತೇವೆ ಎಂದು ಎರಡನೆಯ ದೇವರಾಯ (1424–1446) ತನ್ನ ಸಭೆಯನ್ನು ಕೇಳಿದನೆಂದು 17ನೆಯ ಶತಮಾನದ ಆರಂಭದಲ್ಲಿ ವಿಜಾಪುರದಲ್ಲಿ ಇತಿಹಾಸ ಬರೆದ ಫೆರಿಸ್ತಾ ಹೇಳುತ್ತಾನೆ. ಕೆಲವರು ಅದು ದೈವಸಂಕಲ್ಪ ಎಂದರು. ಇನ್ನು ಕೆಲವರು ಎರಡು ಕಾರಣ ಕೊಟ್ಟರು: ಅವರ ಕುದುರೆಗಳು ಗಟ್ಟಿ, ದಣಿವು ತಡೆಯಬಲ್ಲವು, ಅವರಲ್ಲಿ ನುರಿತ ಬಿಲ್ಲುಗಾರರು ಬಹಳ.

ಅರಸ ಎರಡನೆಯ ಉತ್ತರವನ್ನು ಒಪ್ಪಿದ. ಮುಸ್ಲಿಂ ಯೋಧರನ್ನು ಸೇರಿಸಿಕೊಂಡು ಜಾಗೀರು ಕೊಟ್ಟ. ರಾಜಧಾನಿಯಲ್ಲಿ ಮಸೀದಿ ಕಟ್ಟಿಸಿದ. ಅವರು ವಂದಿಸಲು ಅಡ್ಡಿಯಾಗದಿರಲೆಂದು ಸಿಂಹಾಸನದ ಮುಂದೆ ಕುರ್‌ಆನ್ ಇರಿಸಿದ. ಅವರಿಂದ ಸ್ವಂತ ಸೈನಿಕರಿಗೆ ಬಿಲ್ವಿದ್ಯೆ ಕಲಿಸಿದ. ಕಲಿತ ಹಿಂದೂಗಳು 60,000 ಎಂಬುದು ಫೆರಿಸ್ತಾನ ಲೆಕ್ಕ. ಆ ಕಾಲದ ಬಖೈರುಗಳ ಅಂಕಿಗಳಲ್ಲಿ ಉತ್ಪ್ರೇಕ್ಷೆ ಸಾಮಾನ್ಯ. 1443ರಲ್ಲಿ ಈ ಸೈನ್ಯ ತುಂಗಭದ್ರೆ ದಾಟಿ ಮುದಗಲ್ಲು ಹಿಡಿಯಿತು. ಆದರೂ ಕೊನೆಗೆ ದೇವರಾಯ ಕಪ್ಪಕ್ಕೊಪ್ಪಿ ಸಂಧಿ ಮಾಡಿಕೊಳ್ಳಬೇಕಾಯಿತು.

ಆಟದಲ್ಲಿ ವೇಗವೆಂಬುದು ತಯಾರಕ ಬರೆದಿಟ್ಟ ಒಂದು ಅಂಕಿ. ದಖ್ಖನ್ನಿನಲ್ಲಿ ಅದು ಅರಬಸ್ತಾನ, ಇರಾನಿನಿಂದ ಹಡಗೇರಿ ಬರಬೇಕಿತ್ತು. 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಗೋವೆಯನ್ನು ಗೆದ್ದಾಗ ವಿಜಯನಗರ ಕಳೆದುಕೊಂಡದ್ದು ಕುದುರೆ ಇಳಿಯುವ ಒಂದು ದೊಡ್ಡ ಬಂದರನ್ನು. ಕುದುರೆಯನ್ನು ಹಣ ಕೊಟ್ಟು ತರಬಹುದು, ಗುರಿಯನ್ನು ಕಲಿತೇ ಪಡೆಯಬೇಕು. ಕಲಿಸಬಲ್ಲವನು ಎದುರಾಳಿಯ ಕಡೆಯವನಾದರೂ ಕರೆದು ಕೂರಿಸಿಕೊಂಡದ್ದು ದೇವರಾಯನ ದೊಡ್ಡತನ.