ಪಿಕಪ್ ರೈಲು ಎಳೆದ ವಿಡಿಯೋ ನಿಜವೇ? ಸ್ಪ್ರಿಂಗ್ ಬದಲಿಸಿದರೆ ಭಾರದ ಮಿತಿ ಹೆಚ್ಚುತ್ತದೆಯೇ?

ಒಂದು ಪಿಕಪ್ ವಾಹನ ಉದ್ದನೆಯ ರೈಲನ್ನು ಎಳೆದುಕೊಂಡು ಹೋಗುವ ವಿಡಿಯೋ ನಿಮಗೂ ಬಂದಿರಬಹುದು. ಇನ್ನೊಂದರಲ್ಲಿ ಪಿಕಪ್ ಬಾಹ್ಯಾಕಾಶ ನೌಕೆಯನ್ನೇ ಎಳೆಯುತ್ತದೆ. ಇಂಥ ವಿಡಿಯೋ ಜೊತೆಗೆ ಬರುವ ಮಾತು ಹೆಚ್ಚುಕಡಿಮೆ ಒಂದೇ: ಕಂಪನಿಗಳು ಬರೆಯುವ ತೂಕದ ಮಿತಿ ಬರೀ ಹೆದರಿಕೆಗೆ, ಸ್ಪ್ರಿಂಗ್ ಗಟ್ಟಿ ಮಾಡಿಸಿದರೆ ಎಷ್ಟು ಬೇಕಾದರೂ ಎಳೆಯಬಹುದು.

ಮೊದಲಿಗೆ, ಎರಡೂ ವಿಡಿಯೋ ನಿಜ. 2019ರ ಜುಲೈನಲ್ಲಿ ಫೋರ್ಡ್ ಕಂಪನಿ ತನ್ನ ಎಲೆಕ್ಟ್ರಿಕ್ ಎಫ್-150ರ ಮಾದರಿ ವಾಹನದಿಂದ ಹತ್ತು ಡಬಲ್ ಡೆಕ್ಕರ್ ರೈಲು ಬೋಗಿಗಳನ್ನು ಎಳೆಸಿ ತೋರಿಸಿತ್ತು. ಅವುಗಳ ತೂಕ 10 ಲಕ್ಷ ಪೌಂಡ್‌ಗೂ ಹೆಚ್ಚು, ಅಂದರೆ ಸುಮಾರು 450 ಟನ್. 2012ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎಂಡೆವರ್ ನೌಕೆಯನ್ನು ಮ್ಯೂಸಿಯಂಗೆ ಸಾಗಿಸುವಾಗ, ಒಂದು ಸೇತುವೆಯನ್ನು ದಾಟಿಸಿದ್ದು ಟೊಯೊಟಾ ಟಂಡ್ರಾ ಪಿಕಪ್. ಅಲ್ಲಿ ನೌಕೆ ಮತ್ತು ಅದನ್ನು ಹೊತ್ತ ಚಕ್ರದ ಡಾಲಿ ಸೇರಿ ಹತ್ತಿರ ಹತ್ತಿರ 135 ಟನ್ ಇತ್ತು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ತಡೆ ಬಹಳ ಕಡಿಮೆ. ತೂಕದ ಸಾವಿರದಲ್ಲಿ ಒಂದೆರಡು ಭಾಗದಷ್ಟೇ ಬಲ ಸಾಕು. 450 ಟನ್ ರೈಲನ್ನು ಸಮತಟ್ಟಾದ ಹಳಿಯಲ್ಲಿ ಉರುಳಿಸಲು ಒಂದು ಟನ್‌ಗಿಂತ ಕಡಿಮೆ ಎಳೆತ ಸಾಲುತ್ತದೆ. ಅದೇ ರೈಲು ನೂರು ಮೀಟರ್‌ಗೆ ಆರು ಮೀಟರ್ ಏರುವ ದಾರಿಯಲ್ಲಿದ್ದರೆ 27 ಟನ್ ಎಳೆತ ಬೇಕು, ಪಿಕಪ್‌ನ ಚಕ್ರ ನಿಂತಲ್ಲೇ ತಿರುಗುತ್ತದೆ. ನೌಕೆಯನ್ನು ಎಳೆದದ್ದೂ ಆಮೆಯ ವೇಗದಲ್ಲಿ, ರಸ್ತೆ ಖಾಲಿ ಮಾಡಿಸಿ, ಸೇತುವೆಯಷ್ಟು ದೂರ ಮಾತ್ರ. ರೈಲಿನ ಪ್ರದರ್ಶನ ಒಮ್ಮೆಗೆ ಮಾತ್ರ ಮಾಡಿದ್ದು, ಮಾರಾಟದ ವಾಹನದ ಮಿತಿಗಿಂತ ಬಹಳ ಹೆಚ್ಚಿನದು ಎಂದು ಫೋರ್ಡ್ ಕಂಪನಿಯೇ ಸ್ಪಷ್ಟಪಡಿಸಿತ್ತು. ಫಾರ್ವರ್ಡ್ ಆಗುವಾಗ ಆ ಸಾಲು ಬಿದ್ದುಹೋಗಿದೆ. ಮುಂದೆ ಮಾರಾಟಕ್ಕೆ ಬಂದ ಎಫ್-150 ಲೈಟ್ನಿಂಗ್‌ಗೆ ಕಂಪನಿ ಕೊಟ್ಟ ಗರಿಷ್ಠ ಎಳೆಯುವ ಮಿತಿ 10,000 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಟನ್. ವಿಡಿಯೋದಲ್ಲಿ ಕಂಡದ್ದರ ನೂರರಲ್ಲಿ ಒಂದು ಭಾಗ!

ಮಿತಿ ಬರೀ ಎಂಜಿನ್‌ನದ್ದಲ್ಲ

ಅಮೆರಿಕದ ಕಂಪನಿಗಳು ಈ ಮಿತಿ ನಿಗದಿಗೆ ಬಳಸುವ ಮಾನದಂಡದ ಹೆಸರು ಎಸ್‌ಎಇ ಜೆ2807. ಅರಿಜೋನಾದ ಡೇವಿಸ್ ಡ್ಯಾಂ ಬಳಿಯ ಸುಮಾರು 18 ಕಿ.ಮೀ. ಏರುದಾರಿ ಇದಕ್ಕೆ ಅಳತೆಗೋಲು. ಬಿರುಬೇಸಿಗೆಯ ಶಾಖ, ಎಸಿ ಪೂರ್ತಿ ಚಾಲು, ಹಿಂದೆ ಪೂರ್ತಿ ಭಾರದ ಟ್ರೇಲರ್. ಹಿಂದೆ ಒಂಟಿ ಚಕ್ರವಿರುವ ಪಿಕಪ್ ಅಲ್ಲಿ ಗಂಟೆಗೆ 64 ಕಿ.ಮೀ.ಗಿಂತ ಕೆಳಗಿಳಿಯದೆ ಏರಬೇಕು. ಇದಲ್ಲದೆ ಕಡಿದಾದ ಏರಿನಲ್ಲಿ ನಿಂತು ಮತ್ತೆ ಹೊರಡುವುದು, ಬ್ರೇಕ್, ಟ್ರೇಲರ್ ಓಲಾಡುವುದು ಎಲ್ಲದಕ್ಕೂ ಪರೀಕ್ಷೆ ಇದೆ. ಇವುಗಳಲ್ಲಿ ಯಾವುದು ಮೊದಲು ಸೋಲುತ್ತದೋ ಅದೇ ಮಿತಿ.

ಟ್ರೇಲರ್ ತೂಕದ ಒಂದು ಪಾಲು ಹಿಚ್ ಮೂಲಕ ಪಿಕಪ್‌ನ ಮೇಲೇ ಕೂರುತ್ತದೆ ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ಹಿಂಬದಿಯ ಬಂಪರ್ ಬಳಿ ಕಟ್ಟುವ ಟ್ರೇಲರ್‌ಗೆ ಇದು ಸಾಮಾನ್ಯವಾಗಿ 10ರಿಂದ 15 ಶೇಕಡಾ. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಿಂಭಾರವಾದರೆ ನೊಗ ಮೇಲೇಳುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ 4 ಮೀಟರ್ ಇರುವ ಪಿಕಪ್‌ನಲ್ಲಿ, ಹಿಂದಿನ ಆಕ್ಸೆಲ್‌ನಿಂದ 1.3 ಮೀಟರ್ ಆಚೆಗಿರುವ ಹಿಚ್‌ನ ಮೇಲೆ 450 ಕೆ.ಜಿ. ಕೂರಿಸಿದರೆ ಹಿಂದಿನ ಆಕ್ಸೆಲ್‌ಗೆ ಸುಮಾರು 600 ಕೆ.ಜಿ. ಬೀಳುತ್ತದೆ, ಮುಂದಿನ ಚಕ್ರಗಳಿಂದ 150 ಕೆ.ಜಿ. ಎತ್ತಿದಂತಾಗುತ್ತದೆ. ಸ್ಟೀರಿಂಗ್ ಹಗುರವಾಗುವುದು ಹೀಗೆ. ಇದಕ್ಕೆ ಹೆದರಿ ಹಿಚ್‌ನ ಮೇಲಿನ ಭಾರವನ್ನು ತೀರಾ ಇಳಿಸಿದರೆ ಟ್ರೇಲರ್ ಹಾವಿನಂತೆ ಓಲಾಡತೊಡಗುತ್ತದೆ.

ಪಿಕಪ್‌ನ ತೊಟ್ಟಿಯೊಳಗೇ ಕೂರುವ 'ಫಿಫ್ತ್ ವೀಲ್' ಹಿಚ್‌ನಲ್ಲಿ ಈ ಪಾಲು 15ರಿಂದ 25 ಶೇಕಡಾ. ಒಂದು ಪಿಕಪ್ 1,100 ಕೆ.ಜಿ. ಹೊರಬಲ್ಲದು ಎಂದಿಟ್ಟುಕೊಳ್ಳಿ. 6,000 ಕೆ.ಜಿ. ಟ್ರೇಲರ್ ಕಟ್ಟಿದರೆ 20 ಶೇಕಡಾ ಲೆಕ್ಕದಲ್ಲಿ 1,200 ಕೆ.ಜಿ. ಮೇಲೆ ಬಂತು. ಇನ್ನೂ ಡ್ರೈವರ್ ಹತ್ತಿಲ್ಲ! ಜಾಹೀರಾತಿನಲ್ಲಿ '7 ಟನ್ ಎಳೆಯುತ್ತದೆ' ಎಂದಿರಬಹುದು, ಮಿತಿ ಮೀರಿದ್ದು ಹೊರುವ ಲೆಕ್ಕದಲ್ಲಿ. ಅಮೆರಿಕದಲ್ಲಿ ಕ್ಯಾಂಪರ್ ಎಳೆಯಲು ಪಿಕಪ್ ಕೊಳ್ಳಹೊರಟಿರುವ ಸ್ನೇಹಿತರು, ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಹಳದಿ ಸ್ಟಿಕರ್ ನೋಡಿ. ಹೊರುವ ಮಿತಿ ಅಲ್ಲಿ ಬರೆದಿರುತ್ತದೆ.

ಹಾಗಾದರೆ ಸ್ಪ್ರಿಂಗ್, ಏರ್ ಬ್ಯಾಗ್?

ಕೆಲಸಕ್ಕೆ ಬಾರದ್ದು ಎಂದು ನಾವು ಹೇಳುವುದಿಲ್ಲ. ಕುಸಿದ ಹಿಂಭಾಗವನ್ನು ಅವು ಮೇಲೆತ್ತುತ್ತವೆ, ಗಾಡಿ ಓಲಾಡುವುದೂ ತಗ್ಗುತ್ತದೆ. ಆದರೆ ಆಕ್ಸೆಲ್, ಬೇರಿಂಗ್, ಟೈರ್, ಬ್ರೇಕ್, ಚಾಸಿಸ್ ಹಳೆಯವೇ ತಾನೇ? ಒಟ್ಟು ತೂಕದ ಮಿತಿ ಇದರಿಂದ ಹೆಚ್ಚುವುದಿಲ್ಲ ಎಂದು ಏರ್ ಬ್ಯಾಗ್ ತಯಾರಿಸುವ ಕಂಪನಿಗಳೇ ಸೂಚನೆಯಲ್ಲಿ ಬರೆಯುತ್ತವೆ. ನಮಗೆ ಹೆಚ್ಚು ಆತಂಕ ತರುವುದು ಇನ್ನೊಂದು ವಿಷಯ: ಹಿಂಭಾಗ ಕುಸಿಯುವುದು ಡ್ರೈವರ್‌ಗೆ ಕಣ್ಣಿಗೆ ಕಾಣುವ ಎಚ್ಚರಿಕೆ. ಸ್ಪ್ರಿಂಗ್ ಹಾಕಿಸಿದ ಮೇಲೆ ಆ ಎಚ್ಚರಿಕೆ ಹೋಗುತ್ತದೆ, ಭಾರ ಇದ್ದಲ್ಲೇ ಇರುತ್ತದೆ.

ಮಿತಿಯ ಅಂಕಿ ಎಲ್ಲ ಕಡೆಯೂ ಶುದ್ಧ ಎಂಜಿನಿಯರಿಂಗ್ ಎನ್ನುವುದೂ ಸರಿಯಲ್ಲ. ಅಮೆರಿಕದಲ್ಲಿ 10,000 ಪೌಂಡ್ ವಾಹನ ವರ್ಗವೊಂದರ ಗಡಿ. ಕೆಲವು ಫೋರ್ಡ್ ಎಫ್-250ಗಳಿಗೆ ಆ ಗಡಿಯೊಳಗೆ ಉಳಿಯುವಂತೆ ಮಿತಿ ನಮೂದಿಸುತ್ತಾರೆ, ಅಣ್ಣನಂತಿರುವ ಎಫ್-350ಕ್ಕೆ ಎಂಜಿನ್ ಅದೇ ಆದರೂ ಮಿತಿ ಹೆಚ್ಚು. 'ಎಲ್ಲ ಸ್ಟಿಕರ್ ಆಟ' ಎಂಬ ಮಾತಿಗೆ ಮೂಲ ಇದು. ಆದರೆ ನಿಮ್ಮ ಗಾಡಿಯಲ್ಲಿ ಎಷ್ಟು ಅಂಚು ಉಳಿದಿದೆ ಎಂಬುದನ್ನು ಗ್ಯಾರೇಜಿನಲ್ಲಿ ನಿಂತು ಅಳೆಯಲು ಬರುವುದಿಲ್ಲ. ಹೆಚ್ಚು ಭಾರ ಬೇಕೆನ್ನುವವರು ಹೆಚ್ಚು ಮಿತಿಯ ಗಾಡಿಯನ್ನೇ ಕೊಳ್ಳುವುದು ಸರಿಯಾದ ದಾರಿ. ಮಿತಿಯೊಳಗೇ ಎಳೆಯುವವರಿಗೆ ನಿಜಕ್ಕೂ ನೆರವಾಗುವ ಖರ್ಚು ಬೇರೆ: ಟ್ರೇಲರ್‌ಗೇ ಬ್ರೇಕ್ ಮತ್ತು ಅದರ ಕಂಟ್ರೋಲರ್, ಗೇರ್‌ಬಾಕ್ಸ್ ಆಯಿಲ್ ಕೂಲರ್, ಮುಂದಿನ ಚಕ್ರಕ್ಕೂ ತೂಕ ಹಂಚುವ ಹಿಚ್, ಅಗಲದ ಕನ್ನಡಿ.

ನಮ್ಮ ಘಾಟಿಗಳಲ್ಲಿ ಇದೇ ಲೆಕ್ಕ

ನಮ್ಮಲ್ಲಿ ಪಿಕಪ್ ಎಳೆಯುವುದಕ್ಕಿಂತ ಹೊರುವುದೇ ಹೆಚ್ಚು. ಲೀಫ್ ಸ್ಪ್ರಿಂಗ್‌ಗೆ ಪ್ಲೇಟ್ ಹೆಚ್ಚಿಸಿ ಜಲ್ಲಿ, ಸಿಮೆಂಟ್, ತರಕಾರಿ ತುಂಬುವುದು ಹೊಸದೇನಲ್ಲ. ಎಲ್ಲ ಸೇರಿ 3 ಟನ್ ತೂಗುವ ಗಾಡಿ 300 ಮೀಟರ್ ಎತ್ತರದಿಂದ ಇಳಿಯುವಾಗ ಹುಟ್ಟುವ ಶಕ್ತಿ, 26 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಅದೇ ಗಾಡಿ 5 ಟನ್ ಆದರೆ 44 ಲೀಟರ್. ಗೇರ್‌ನಲ್ಲಿ ತಡೆಯದಿದ್ದರೆ ಬಹುಪಾಲು ಬಿಸಿ ಬ್ರೇಕ್‌ಗಳಿಗೇ ಹೋಗಬೇಕು. ತೇವ ಹೀರಿದ ಹಳೆಯ ಡಾಟ್ 3 ಬ್ರೇಕ್ ಆಯಿಲ್ 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ತುಂಬಿ, ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಚಾರ್ಮಾಡಿಯ ತಿರುವಿನಲ್ಲಿ ಹೆಚ್ಚುವರಿ ಪ್ಲೇಟ್ ಇದಕ್ಕೆ ಏನೂ ಮಾಡಲಾರದು.

ಕಾನೂನಿನಲ್ಲೂ ಪ್ಲೇಟ್‌ಗೆ ಬೆಲೆಯಿಲ್ಲ. ಲೆಕ್ಕಕ್ಕೆ ಬರುವುದು ಆರ್‌ಸಿಯಲ್ಲಿರುವ ಒಟ್ಟು ತೂಕ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಮಿತಿ ಮೀರಿದರೆ ₹20,000 ದಂಡ, ಹೆಚ್ಚಾದ ಪ್ರತಿ ಟನ್‌ಗೆ ಮತ್ತೆ ₹2,000, ಜೊತೆಗೆ ಹೆಚ್ಚಿನ ಮಾಲು ಇಳಿಸುವ ಖರ್ಚು.

ನಿಮ್ಮ ಗಾಡಿಯನ್ನು ಪರೀಕ್ಷಿಸಬೇಕೆಂದರೆ ಲೋಡ್ ಸಮೇತ ವೇ ಬ್ರಿಡ್ಜ್‌ಗೆ ಒಯ್ಯಿರಿ. ಪೂರ್ತಿ ಗಾಡಿಯನ್ನು ಒಮ್ಮೆ ತೂಗಿಸಿ, ಹಿಂದಿನ ಚಕ್ರಗಳನ್ನು ಮಾತ್ರ ನಿಲ್ಲಿಸಿ ಇನ್ನೊಮ್ಮೆ ತೂಗಿಸಿ. ಮೊದಲ ಅಂಕಿಯನ್ನು ಆರ್‌ಸಿಯ ಒಟ್ಟು ತೂಕದ ಜೊತೆ, ಎರಡನೆಯದನ್ನು ಕಂಪನಿ ನೀಡಿರುವ ಹಿಂದಿನ ಆಕ್ಸೆಲ್ ಮಿತಿಯ ಜೊತೆ ಹೋಲಿಸಿ. ಒಟ್ಟು ತೂಕ ಮಿತಿಯೊಳಗಿದ್ದೂ ಹಿಂದಿನ ಆಕ್ಸೆಲ್ ಮೀರಿದ್ದರೆ, ಮಾಲನ್ನು ಕ್ಯಾಬಿನ್ ಕಡೆಗೆ ಸರಿಸಿ ಮತ್ತೊಮ್ಮೆ ತೂಗಿಸಿ.